ಕಾರೇ ಇಲ್ಲದವರಿಗೆ ಎಸ್‌ಆರ್-22 ಯಾಕೆ?

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದೆ, ಲೈಸೆನ್ಸ್ ಸಸ್ಪೆಂಡ್ ಆಯಿತು. ಆ ಅವಧಿ ಈಗ ಮುಗಿಯುತ್ತಿದೆ. ಕಾರನ್ನು ಮಾರಿಬಿಟ್ಟಿದ್ದೇನೆ. ಆದರೂ ಡಿಎಂವಿಯವರು (ನಮ್ಮ ಆರ್‌ಟಿಒ ಥರ ಲೈಸೆನ್ಸ್ ಕೊಡುವ ಇಲಾಖೆ) ಎಸ್‌ಆರ್-22 ಕೇಳುತ್ತಾರೆ. ಯಾಕೆ?

ಉತ್ತರ: ನಮ್ಮೂರಲ್ಲಿ ಇನ್ಶೂರೆನ್ಸ್ ಮಾಡಿಸೋದು ಗಾಡಿಗೆ. ಗಾಡಿ ಮಾರಿದರೆ ಅದರ ಚಿಂತೆಯೂ ಮುಗಿಯಿತು, ಅಲ್ವಾ? ಎಸ್‌ಆರ್-22 ಮಾತ್ರ ಓಡಿಸುವವರ ಹೆಸರಿಗೆ ಅಂಟಿಕೊಂಡಿರುತ್ತದೆ. 'ಇವರಿಗೆ ಕಾನೂನು ಹೇಳುವಷ್ಟು ವಿಮೆ ಇದೆ' ಎಂದು ಇನ್ಶೂರೆನ್ಸ್ ಕಂಪನಿಯೇ ಡಿಎಂವಿಗೆ ಕಳಿಸುವ ಪತ್ರ ಅದು. ಅವಧಿ ಮುಗಿದ ಮಾತ್ರಕ್ಕೆ ಲೈಸೆನ್ಸ್ ತಾನಾಗಿ ವಾಪಸ್ ಬರುವುದಿಲ್ಲ. ಈ ಪತ್ರ ಹೋಗಬೇಕು, ಕುಡಿದು ಓಡಿಸಿದವರಿಗಿರುವ ಡಿಯುಐ ತರಗತಿ ಮುಗಿಸಬೇಕು, ಶುಲ್ಕ ಕಟ್ಟಬೇಕು. ಅಲ್ಲಿಯವರೆಗೆ ಸ್ಟಿಯರಿಂಗ್ ಮುಟ್ಟಬೇಡಿ.

ಕಾರಿಲ್ಲದವರಿಗೆಂದೇ 'ನಾನ್-ಓನರ್' ಪಾಲಿಸಿ ಇದೆ. ಅಪರೂಪಕ್ಕೆ ಸ್ನೇಹಿತರ ಕಾರು ಓಡಿಸುವವರಿಗೆ ಅದು ಸರಿ. ಆದರೆ ಮನೆಯಲ್ಲಿ ಹೆಂಡತಿಯ ಕಾರು ಇದ್ದು, ನೀವೂ ಅದನ್ನು ಓಡಿಸುವಿರಾದರೆ ಸಾಮಾನ್ಯವಾಗಿ ಈ ಪಾಲಿಸಿ ನಡೆಯುವುದಿಲ್ಲ. ಆ ಕಾರಿನ ಪಾಲಿಸಿಗೇ ನಿಮ್ಮ ಹೆಸರು ಸೇರಬೇಕು. ಕಂತು ಜಾಸ್ತಿಯಾಗುತ್ತದೆ ಎಂದು ಏಜೆಂಟರ ಹತ್ತಿರ ಇದನ್ನು ಮುಚ್ಚಿಡಬೇಡಿ. ಅಪಘಾತವಾದ ದಿನ ಕಂಪನಿ ಕೈ ತೊಳೆದುಕೊಂಡರೆ ಪರಿಹಾರದ ಹೊರೆಯೆಲ್ಲ ನಿಮ್ಮ ತಲೆಗೇ ಬರುತ್ತದೆ.

ವಿಮೆ ಎಷ್ಟಿರಬೇಕು? 2025ರ ಜನವರಿ 1ರಿಂದ ಅಲ್ಲಿ ಕನಿಷ್ಠ ಮೊತ್ತ ಏರಿದೆ. ಒಬ್ಬರ ಗಾಯ ಅಥವಾ ಸಾವಿಗೆ 30,000 ಡಾಲರ್, ಒಂದು ಅಪಘಾತದಲ್ಲಿ ಎಲ್ಲರಿಗೂ ಸೇರಿ 60,000, ಆಸ್ತಿ ಹಾನಿಗೆ 15,000. ಹಳೆಯ 15, 30, 5 ಸಾವಿರದ ಲೆಕ್ಕ ಯಾರಾದರೂ ಹೇಳಿದರೆ ನಂಬಬೇಡಿ.

ಎಸ್‌ಆರ್-22 ಸಾಮಾನ್ಯವಾಗಿ 3 ವರ್ಷ ಇರಬೇಕು. ತುಂಬಾ ಜನ ಎಡವುವುದು ಇಲ್ಲೇ. ಒಂದು ಕಂತು ತಪ್ಪಿ ಪಾಲಿಸಿ ರದ್ದಾದರೆ ಕಂಪನಿ ಡಿಎಂವಿಗೆ ತಿಳಿಸುತ್ತದೆ, ಲೈಸೆನ್ಸ್ ಮತ್ತೆ ಸಸ್ಪೆಂಡ್ ಆಗುತ್ತದೆ. 'ಎರಡು ತಿಂಗಳು ಊರಿಗೆ ಹೋಗ್ತೀನಿ, ಸುಮ್ನೆ ಯಾಕೆ ದುಡ್ಡು ಕಟ್ಟೋದು' ಎಂದು ಪಾಲಿಸಿ ನಿಲ್ಲಿಸಬೇಡಿ. ಕಂಪನಿ ಬದಲಾಯಿಸುವುದಿದ್ದರೆ ಹೊಸ ಎಸ್‌ಆರ್-22 ಡಿಎಂವಿ ಸೇರಿದ ಮೇಲೆ ಹಳೆಯದನ್ನು ಬಿಡಿ.

ಊರಿನ ಮಾತು ಬಂತಲ್ಲ, ಇದನ್ನೂ ಹೇಳಬೇಕು. ನೀವು ಎಚ್-1ಬಿಯಂಥ ತಾತ್ಕಾಲಿಕ ಕೆಲಸದ ವೀಸಾದಲ್ಲಿದ್ದರೆ, ಕುಡಿದು ಓಡಿಸಿ ಬಂಧನವಾದದ್ದಷ್ಟಕ್ಕೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಊರಿಗೆ ಟಿಕೆಟ್ ತೆಗೆಯುವ ಮೊದಲೇ ವಲಸೆ ವಕೀಲರನ್ನು ಕಾಣಿ.