ಪಕ್ಕದ ಗಿಡದ ವಾಸನೆಯಿಂದ ವಿಷ ಕಟ್ಟುವ ಟೊಮೆಟೊ

ಕೋಲಾರದ ಸುತ್ತಮುತ್ತ ಟೊಮೆಟೊ ಗಿಡಗಳಿಗೆ ಕಡ್ಡಿ ನೆಟ್ಟು ದಾರ ಕಟ್ಟುವವರ ಬೆರಳುಗಳು ಮಧ್ಯಾಹ್ನದ ಹೊತ್ತಿಗೆ ಹಸಿರುಗಪ್ಪಾಗಿ ಅಂಟಂಟಾಗುತ್ತವೆ. ಎಲೆ ಮತ್ತು ಕಾಂಡದ ಮೇಲಿನ ಸೂಕ್ಷ್ಮ ರೋಮಗಳ ತುದಿಯ ಗ್ರಂಥಿಗಳು ಒಡೆದು ಬರುವ ಈ ಅಂಟೇ ಟೊಮೆಟೊ ತೋಟದ ಗಾಟು ವಾಸನೆಗೂ ಕಾರಣ. ಸಣ್ಣ ಕೀಟಗಳು ಇದರಿಂದ ದೂರ ಉಳಿಯುತ್ತವೆ. ಆದರೆ ಹುಳು ಎಲೆಯನ್ನು ಕಡಿಯತೊಡಗಿದಾಗ ಗಿಡದಿಂದ ಹೊರಡುವ ವಾಸನೆ ಬೇರೆ, ಮತ್ತು ಅದರ ಪರಿಣಾಮ ಆ ಒಂದು ಗಿಡಕ್ಕೆ ಮುಗಿಯುವುದಿಲ್ಲ.

ಎಲೆಯ ಜೀವಕೋಶ ಹರಿದ ಕೆಲವೇ ಕ್ಷಣಗಳಲ್ಲಿ, ಅದರ ಪೊರೆಯಲ್ಲಿದ್ದ ಲಿನೋಲೆನಿಕ್ ಆಮ್ಲವನ್ನು ಕಿಣ್ವಗಳು ತುಂಡರಿಸಿ, ಆರು ಇಂಗಾಲದ ಪರಮಾಣುಗಳುಳ್ಳ ಹಗುರ ಅಣುಗಳನ್ನು ತಯಾರಿಸುತ್ತವೆ. ಹುಲ್ಲು ಕೊಯ್ದಾಗ ಮೂಗಿಗೆ ಬಡಿಯುವ ಹಸಿ ವಾಸನೆ ಇವುಗಳದೇ. ಗಾಯಗೊಂಡ ಮರಗಳ ಪಕ್ಕದ ಮರಗಳಲ್ಲೂ ರಕ್ಷಣಾ ರಾಸಾಯನಿಕಗಳು ಹೆಚ್ಚುತ್ತವೆ ಎಂದು 1983ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಮತ್ತು ಶುಲ್ಟ್ಸ್ ವರದಿ ಮಾಡಿದಾಗ ಹಲವು ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. 1990ರಲ್ಲಿ ಫಾರ್ಮರ್ ಮತ್ತು ರಯಾನ್ ಮುಚ್ಚಿದ ಪಾತ್ರೆಯೊಳಗೆ ಸೇಜ್‌ಬ್ರಷ್ ಎಂಬ ಪೊದೆಯ ರೆಂಬೆಗಳ ಜೊತೆ ಟೊಮೆಟೊ ಗಿಡಗಳನ್ನಿಟ್ಟರು. ಪೊದೆಯಿಂದ ಹೊಮ್ಮಿದ ಮೀಥೈಲ್ ಜಾಸ್ಮೊನೇಟ್ ಎಂಬ ವಸ್ತು ಗಾಳಿಯ ಮೂಲಕವೇ ತಲುಪಿ, ಹುಳುಗಳ ಜೀರ್ಣಕ್ರಿಯೆಯನ್ನು ಕೆಡಿಸುವ ಪ್ರೋಟೀನುಗಳು ಟೊಮೆಟೊ ಎಲೆಗಳಲ್ಲಿ ತುಂಬಿಕೊಳ್ಳುವಂತೆ ಮಾಡಿತ್ತು.

ಇದಕ್ಕಿಂತಲೂ ನನ್ನನ್ನು ಹಿಡಿದಿಟ್ಟಿರುವುದು 2014ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಕೆಲಸ. ನಮ್ಮಲ್ಲಿ ಕಡಲೆಕಾಯಿ, ಹೂಕೋಸುಗಳನ್ನೂ ಕಾಡುವ ಸ್ಪೊಡಾಪ್ಟೆರ ಲಿಟುರ ಹುಳುವನ್ನು ಅವರು ಟೊಮೆಟೊ ಗಿಡಗಳ ಮೇಲೆ ಬಿಟ್ಟು, ಆ ಗಿಡಗಳ ಮೇಲಿಂದ ಬರುವ ಗಾಳಿಯನ್ನು ಆರೋಗ್ಯವಂತ ಗಿಡಗಳ ಮೇಲೆ ಹಾಯಿಸಿದರು. ಎರಡನೆಯ ಗಿಡಗಳು ಗಾಳಿಯಲ್ಲಿದ್ದ, ಅದೇ ಹಸಿ ವಾಸನೆಯ ಹೆಕ್ಸೆನೋಲ್ ಎಂಬ ವಸ್ತುವನ್ನು ಎಲೆಯೊಳಗೆ ಎಳೆದುಕೊಂಡು, ಅದಕ್ಕೆ ಸಕ್ಕರೆಯ ಅಣುಗಳನ್ನು ಜೋಡಿಸಿ, ಹುಳುವಿನ ಬೆಳವಣಿಗೆಯನ್ನು ಕುಗ್ಗಿಸುವ ಸಂಯುಕ್ತವೊಂದನ್ನು ಕಟ್ಟಿಕೊಂಡವು. ಅಂದರೆ ಆ ವಾಸನೆ ಬರಿಯ ಎಚ್ಚರಿಕೆಯಲ್ಲ. ರಕ್ಷಣೆಗೆ ಬೇಕಾದ ಕಚ್ಚಾವಸ್ತುವೂ ಅದೇ.

ಹಾಗೆಂದು ಒಂದು ಗಿಡ ಇನ್ನೊಂದಕ್ಕೆ ಉಪಕಾರ ಮಾಡಲೆಂದೇ ವಾಸನೆ ಬಿಡುತ್ತದೆ ಎನ್ನಲು ನನಗೆ ಮನಸ್ಸಿಲ್ಲ. ಸೇಜ್‌ಬ್ರಷ್‌ನಲ್ಲಿ ಒಂದೇ ಪೊದೆಯ ಕೊಂಬೆಗಳೂ ಗಾಳಿಯ ಮೂಲಕವೇ ಎಚ್ಚರಗೊಳ್ಳುತ್ತವೆ, ಏಕೆಂದರೆ ಅವುಗಳ ನಡುವೆ ಒಳಗಿನ ನಾಳಗಳ ಸಂಪರ್ಕ ಕಡಿಮೆ. ಸಂಕೇತದ ಮೊದಲ ಲಾಭ ಅದನ್ನು ಬಿಟ್ಟ ಗಿಡಕ್ಕೇ ಇರಬಹುದು. ನೆರೆಯ ಗಿಡ ಅದನ್ನು ಬಳಸಿಕೊಳ್ಳುತ್ತದೆ.

ಈ ವಾಸನೆಯನ್ನು ಹಿಡಿಯುವ ಕೀಟಗಳೂ ಇವೆ. ಮುಸುಕಿನ ಜೋಳವನ್ನು ಬ್ಲೇಡಿನಿಂದ ಗೀರಿದರೆ ಹಸಿ ವಾಸನೆಯಷ್ಟೇ ಹೊರಡುತ್ತದೆ. ಹುಳು ತಿಂದರೆ ಕೆಲವು ಗಂಟೆಗಳ ಬಳಿಕ ಟರ್ಪೀನುಗಳೆಂಬ ಬೇರೆ ವಾಸನೆಯ ವಸ್ತುಗಳು ಹೇರಳವಾಗಿ ಹೊಮ್ಮುತ್ತವೆ. ಹುಳುವಿನ ದೇಹದೊಳಗೆ ಮೊಟ್ಟೆಯಿಡುವ ಪರಾವಲಂಬಿ ಕಣಜಗಳು ಈ ವಾಸನೆಯನ್ನು ಹಿಡಿದೇ ಹುಳುವನ್ನು ಪತ್ತೆ ಮಾಡುತ್ತವೆ ಎಂದು 1990ರಲ್ಲಿ ಟರ್ಲಿಂಗ್ಸ್ ಮತ್ತು ಸಂಗಡಿಗರು ತೋರಿಸಿದರು. ಎರಡೂ ಗಾಯಗಳ ನಡುವಿನ ವ್ಯತ್ಯಾಸ ಹುಳುವಿನ ಬಾಯಿರಸದಲ್ಲಿದೆ: 1997ರಲ್ಲಿ ಅದರಿಂದ ಬೇರ್ಪಡಿಸಿದ ವೊಲಿಸಿಟಿನ್ ಎಂಬ ವಸ್ತುವನ್ನು ಗಾಯಕ್ಕೆ ಸವರಿದರೂ ಗಿಡ ಅದೇ ವಾಸನೆ ಬಿಟ್ಟಿತು.

2018ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟು ಚಿಕ್ಕಬಳ್ಳಾಪುರದ ಮುಸುಕಿನ ಜೋಳದ ಸುಳಿಗಳನ್ನೂ ಹೊಕ್ಕ ಫಾಲ್ ಸೈನಿಕ ಹುಳು ಇಲ್ಲಿ ಪ್ರತಿತಂತ್ರ ಹೂಡುತ್ತದೆ. ಅದು ತಿನ್ನುವಾಗ ಜೋಳದ ಗಿಡ ಬಿಡುವ ವಾಸನೆ, ಅದರ ಸಂಬಂಧಿ ಹುಳುಗಳು ತಿಂದಾಗ ಬಿಡುವುದಕ್ಕಿಂತ ಕಡಿಮೆ. ಆದರೂ ಈ ಕೀಟದ ಮೊಟ್ಟೆಗಳ ಮೇಲೆ ಬೀಳುವ ಟ್ರೈಕೊಗ್ರಾಮ, ಟೆಲಿನೋಮಸ್ ಕಣಜಗಳು ಅದೇ ವರ್ಷ ರಾಜ್ಯದ ಹೊಲಗಳಲ್ಲಿ ಕಂಡುಬಂದವು. ಹುಳು ಕಂಡೊಡನೆ ಎಲ್ಲ ಕೀಟಗಳನ್ನೂ ಕೊಲ್ಲುವ ಔಷಧಿ ಹೊಡೆದರೆ ಮೊದಲು ಸಾಯುವುದು ಇಂಥ ಪುಟ್ಟ ಕಣಜಗಳೇ. ಸುಳಿಯ ಆಳದಲ್ಲಿ ಲದ್ದಿಯ ಮರೆಗೆ ಕೂತ ಹುಳು ಎಷ್ಟೋ ಸಲ ಔಷಧಿಗೆ ಸಿಗದೆ ಉಳಿಯುತ್ತದೆ.