ಪದ ಪರಿಚಯ: ಏಶ್ ಬಲದಿ

ನಮ್ಮ ಕಡೆ 'ಊರ' ಅನ್ನುವ ಮಾತಿಗೆ ಒಂದು ತೂಕ ಉಂಟು. ಊರ ಕೋಳಿ, ಊರ ಬೆಂಡೆ, ಊರ ಅಕ್ಕಿ. ಉಡುಪಿಯಲ್ಲಿ ತರಕಾರಿ ಕೊಳ್ಳುವಾಗ "ಇದು ಊರಿದ್ದಾ?" ಅಂತ ಕೇಳುತ್ತೇವೆ, ಹೌದು ಅಂದರೆ ನಾಲ್ಕು ಕಾಸು ಜಾಸ್ತಿ ಕೊಟ್ಟಾದರೂ ತಗೊಳ್ಳುತ್ತೇವೆ, ಅಲ್ವಾ? ಈಜಿಪ್ಟಿನ ಅರಬ್ಬಿಯಲ್ಲಿ ಈ ಮಾತಿಗೆ 'ಬಲದಿ' ಅನ್ನುತ್ತಾರೆ. ಬಲದ್ ಅಂದರೆ ಊರು, ದೇಶ. ಬಲದಿ ಅಂದರೆ ಊರಿನದು.

'ಏಶ್' ಇನ್ನೂ ಚಂದದ ಪದ. ಅದರ ಮೂಲದಲ್ಲಿರುವುದು ಬದುಕು. ರೊಟ್ಟಿಗೆ ಅರಬ್ಬಿಯಲ್ಲಿ ಬೇರೆ ಪದ ಇದೆ, ಗಲ್ಫಿಗೆ ಹೋಗಿ ಬಂದವರ ಬಾಯಲ್ಲಿ ಅದು ಕುಬ್ಬೂಸ್. ಆದರೆ ಈಜಿಪ್ಟಿನವರು ದಿನಾ ತಿನ್ನುವ ರೊಟ್ಟಿಯನ್ನು ಏಶ್ ಅಂತಲೇ ಕರೆಯುತ್ತಾರೆ. ಕುವೈತಿನಲ್ಲಿ ತುಂಬ ವರ್ಷ ದುಡಿದು ಬಂದ ನಮ್ಮ ನೆರೆಯವರಿಗೆ ಇದನ್ನು ಹೇಳಿದೆ. "ಇಲ್ಲ ಮಾರಾಯ್ರೆ, ಏಶ್ ಅಂದ್ರೆ ಅನ್ನ" ಎಂದು ಪಟ್ಟು ಹಿಡಿದರು. ಅವರದ್ದೂ ಸರಿಯೇ. ಗಲ್ಫ್ ಕಡೆ ಏಶ್ ಅಂದರೆ ಅನ್ನ. ಎಲ್ಲಿ ಯಾವುದರಿಂದ ಹೊಟ್ಟೆ ತುಂಬುತ್ತದೋ ಅಲ್ಲಿ ಅದಕ್ಕೇ ಬದುಕಿನ ಹೆಸರು. ಈ ಪದ ನನಗೆ ಹಿಡಿಸಿದ್ದೇ ಅದಕ್ಕೆ.

ಏಶ್ ಬಲದಿ ಹೊಟ್ಟು ಮೆತ್ತಿದ ದುಂಡು ರೊಟ್ಟಿ. ಬಿಸಿ ಒಲೆಯಲ್ಲಿ ಪೂರಿಯಂತೆ ಉಬ್ಬುತ್ತದೆ, ಒಳಗೆ ಟೊಳ್ಳು. ಚೂರು ಹರಿದು ಬೇಯಿಸಿದ ಕಾಳು ಬಾಚಿ ತಿನ್ನುತ್ತಾರೆ. ಸರ್ಕಾರ ತಾನೇ ದುಡ್ಡು ಹಾಕಿ ಅಗ್ಗಕ್ಕೆ ಕೊಡುತ್ತದೆ.

ಹೆಸರೇನೋ ಊರಿನದು, ಗೋಧಿ ಪೂರ್ತಿ ಊರಿನದಲ್ಲ. ಒಂದು ಕಾಲದಲ್ಲಿ ರೋಮ್ ನಗರಕ್ಕೇ ಧಾನ್ಯ ಕಳಿಸುತ್ತಿದ್ದ ನಾಡು ಈಜಿಪ್ಟ್. ಇಂದು ಜಗತ್ತಿನಲ್ಲೇ ಅತಿ ಹೆಚ್ಚು ಗೋಧಿ ತರಿಸುವ ದೇಶಗಳಲ್ಲಿ ಅದೂ ಒಂದು. 2022ರ ಯುದ್ಧಕ್ಕೆ ಮೊದಲು ಆ ಗೋಧಿಯ ಬಹುಪಾಲು ರಷ್ಯಾ, ಉಕ್ರೇನಿನಿಂದಲೇ ಬರುತ್ತಿತ್ತು. ಆ ಗೋಧಿ ಬರುವ ದಾರಿಯಾದ ಕಪ್ಪು ಸಮುದ್ರದಲ್ಲಿ ಹಡಗು ನಿಂತರೆ ಕೈರೋದ ಒಲೆ ನಡುಗುತ್ತದೆ.

1977ರ ಜನವರಿಯಲ್ಲಿ ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಸರ್ಕಾರ ಹಿಟ್ಟು, ಅಕ್ಕಿ, ಅಡುಗೆ ಎಣ್ಣೆಯ ಸಬ್ಸಿಡಿಗೆ ಕತ್ತರಿ ಹಾಕಿತು. ಸಾಲ ಕೊಡುವ ಐಎಂಎಫ್‌ನ ಒತ್ತಡ ಇತ್ತು. 18 ಮತ್ತು 19ರಂದು ಊರೂರಲ್ಲಿ ಜನ ಬೀದಿಗಿಳಿದರು. ಸೈನ್ಯ ಬಂತು. ಸುಮಾರು 80 ಜನ ಸತ್ತರು. ಸಬ್ಸಿಡಿ ವಾಪಸ್ ಬಂತು, ಸತ್ತವರು ಬರಲಿಲ್ಲ. ಇಂಥದ್ದಕ್ಕೇ 'ರೊಟ್ಟಿ ದಂಗೆ' ಅನ್ನುವುದು. 2010ರಲ್ಲಿ ಬರ ಬಿದ್ದು ರಷ್ಯಾ ಗೋಧಿ ರಫ್ತು ನಿಲ್ಲಿಸಿತು, ಬೆಲೆ ಏರಿತು. ಮರುವರ್ಷ ಸರ್ಕಾರದ ವಿರುದ್ಧ ಎದ್ದ ಜನ ಈಜಿಪ್ಟಿನ ಬೀದಿಗಳಲ್ಲಿ ಕೂಗಿದ್ದು "ಏಶ್, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ" ಎಂದು. ಆ ಸಿಟ್ಟಿಗೆ ಪೊಲೀಸರ ದೌರ್ಜನ್ಯ, ನಿರುದ್ಯೋಗ ಎಲ್ಲ ಕಾರಣ. ಆದರೂ ಬಾಯಿಗೆ ಮೊದಲು ಬಂದ ಪದ ಏಶ್. 30 ವರ್ಷಕ್ಕೂ ಹೆಚ್ಚು ಕಾಲ 5 ಪಿಯಾಸ್ತರಿಗೇ (ನಮ್ಮ ಪೈಸೆಯಂತೆ, ನೂರಕ್ಕೆ ಒಂದು ಈಜಿಪ್ಟ್ ಪೌಂಡ್) ಸಿಗುತ್ತಿದ್ದ ಸಬ್ಸಿಡಿ ರೊಟ್ಟಿಯನ್ನು 20ಕ್ಕೆ ಏರಿಸಿದ್ದು 2024ರ ಜೂನಿನಲ್ಲಿ.

ಇದನ್ನು ಓದುವಾಗ ನನಗೆ ಬಸ್ರೂರು ನೆನಪಾಗುತ್ತದೆ. ನಮ್ಮ ಕುಂದಾಪುರದ ಪಕ್ಕದ ಆ ಬಂದರಿನಿಂದ ಪೋರ್ಚುಗೀಸರ ಕಾಲದಲ್ಲಿ ಗೋವೆಗೆ, ಮಸ್ಕತ್ತಿಗೆ ಅಕ್ಕಿ ಹೋಗುತ್ತಿತ್ತು. ಈಗ ನಮ್ಮಲ್ಲೇ ಎಷ್ಟೋ ಗದ್ದೆಗಳು ಅಡಿಕೆ ತೋಟ ಆಗಿವೆ. ಮೊನ್ನೆ ಅಂಗಡಿಯಲ್ಲಿ ಕುಚ್ಚಲಕ್ಕಿ ಮೂಟೆ ತೋರಿಸಿ "ಊರಿದ್ದಾ?" ಅಂದೆ. ಅಂಗಡಿಯವರು ಒಂದು ಹಿಡಿ ಅಕ್ಕಿ ಅಂಗೈಗೆ ಹಾಕಿದರು. "ಕುಚ್ಚಲು ಮಾಡಿದ್ದು ಇಲ್ಲಿ. ಭತ್ತ ಘಟ್ಟದ ಮೇಲಿನದ್ದು."