ಮುಳುಗಿದವರಿಗೆ ಮೊದಲು ಉಸಿರು: ಸರ್ಫಿಂಗ್ ಪಾಠದ ತುರ್ತು ಟಿಪ್ಪಣಿ

ಮಂಗಳೂರಿನ ಹತ್ತಿರದ ಸಸಿಹಿತ್ಲು ಬೀಚಿನಲ್ಲಿ ಸರ್ಫಿಂಗ್ ಕಲಿಸುವವರ ತರಬೇತಿಗೆ ಸೇರಿ ಮೂರು ವಾರ ಆಯಿತು. ಅಲೆ ಆರಿಸುವುದು, ಲೀಶ್ (ಬೋರ್ಡನ್ನು ಕಾಲಿಗೆ ಸೇರಿಸುವ ಹಗ್ಗ) ಕಟ್ಟುವುದು ನಿಮಗೂ ಗೊತ್ತಿರುತ್ತದೆ, ಅದನ್ನು ಬಿಟ್ಟುಬಿಡುತ್ತೇನೆ. ನನಗೆ ಕಷ್ಟವಾಗಿದ್ದು ತುರ್ತು ಚಿಕಿತ್ಸೆಯ ಪಾಠ, ಅದರಲ್ಲೂ ಒಂದೇ ಒಂದು ಹೆಜ್ಜೆ. ನಿನ್ನೆ ಅಭ್ಯಾಸದಲ್ಲಿ ಅಲ್ಲೇ ತಪ್ಪಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಉಳಿದವರನ್ನು ಮೇಲೆ ಕರೆಸಿ

ಒಬ್ಬರಿಗೆ ಏನಾದರೂ ಆದರೆ ನಮ್ಮ ಕಣ್ಣೆಲ್ಲ ಅತ್ತಲೇ. ಆದರೆ ನೀರಲ್ಲಿ ಇನ್ನೂ ಆರೇಳು ಹೊಸಬರಿರುತ್ತಾರೆ. ಸೀಟಿ ಊದಿ ಎಲ್ಲರನ್ನೂ ಮರಳಿಗೆ ಕರೆಸಿ, ತಲೆ ಎಣಿಸಲು ಒಬ್ಬರಿಗೆ ಹೇಳಿ. ಇಲ್ಲಿ ಶಾಂಭವಿ, ನಂದಿನಿ ಸೇರಿ ಕಡಲಿಗೆ ಬೀಳುವ ಅಳಿವೆ ಪಕ್ಕದಲ್ಲೇ ಇದೆ. ಇಳಿತದ ಹೊತ್ತಲ್ಲಿ ನೀರು ಹೊರಗೆ ಎಳೆಯುತ್ತದೆ. ಸೆಳೆತಕ್ಕೆ ಸಿಕ್ಕವರು ಬೋರ್ಡ್ ಬಿಡಬಾರದು. ಸೆಳೆತಕ್ಕೆ ಎದುರಾಗಿ ಈಜಬಾರದು. ಕೈ ಎತ್ತಿ ಬೀಸಬೇಕು. ಇದನ್ನು ಪಾಠಕ್ಕೆ ಮೊದಲೇ, ಮರಳಲ್ಲಿ ನಿಂತು ಹೇಳಿಕೊಡಬೇಕು.

ಒತ್ತುವುದೋ, ಊದುವುದೋ?

ನಾನು ಎಡವಿದ್ದು ಇಲ್ಲಿ. ಅಭ್ಯಾಸಕ್ಕೆ ಇಟ್ಟ ಮನುಷ್ಯಾಕಾರದ ಗೊಂಬೆಯನ್ನು ನೀರಿಂದ ಎಳೆದು ತಂದು ಮಲಗಿಸಿದೆ. ಪ್ರಜ್ಞೆ ಇಲ್ಲ, ಉಸಿರಿಲ್ಲ ಅಂತ ಹೇಳಿದರು. ನನ್ನ ಕೈ ಸೀದಾ ಎದೆಗೆ ಹೋಯಿತು. ಹಿಂದೆ ಕೆಲಸದ ಜಾಗದಲ್ಲಿ ಕಲಿಸಿದ್ದೇ ಅದು: ಯಾರಾದರೂ ಕುಸಿದು ಬಿದ್ದರೆ ಫೋನ್ ಮಾಡಿ, ಎದೆ ಒತ್ತಲು ಶುರುಮಾಡಿ. ಕಲಿಸುವ ಅಣ್ಣ ನನ್ನ ಕೈ ಹಿಡಿದು ನಿಲ್ಲಿಸಿದರು. "ಇವನು ನೀರಿಂದ ಬಂದವನು. ಉಸಿರು ಕೊಡು ಮೊದಲು."

ಯಾಕೆ ಅಂತ ರಾತ್ರಿ ಕೂತು ಓದಿದ ಮೇಲೆ ಅರ್ಥವಾಯಿತು. ಹೃದಯದ ತೊಂದರೆಯಿಂದ ಒಬ್ಬರು ದಿಢೀರ್ ಕುಸಿದಾಗ, ಅವರ ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ. ನಿಂತಿದ್ದು ಪಂಪು ಮಾತ್ರ. ಅದಕ್ಕೇ ಎದೆ ಒತ್ತಿದರೆ ಸ್ವಲ್ಪ ಹೊತ್ತು ಕೆಲಸ ನಡೆಯುತ್ತದೆ. ಮುಳುಗಿದವರಲ್ಲಿ ಕಥೆ ಉಲ್ಟಾ. ಮೊದಲು ಉಸಿರು ನಿಲ್ಲುತ್ತದೆ, ಆಮ್ಲಜನಕ ಮುಗಿಯುತ್ತದೆ, ಹೃದಯ ನಿಲ್ಲುವುದು ಆಮೇಲೆ. ಆಗ ಸುಮ್ನೆ ಎದೆ ಒತ್ತಿದರೆ ನೀರಿಲ್ಲದ ಬಾವಿಗೆ ಮೋಟಾರು ಓಡಿಸಿದ ಹಾಗೆ. ಕೆಲವೊಮ್ಮೆ ಉಸಿರು ನಿಂತಿದ್ದರೂ ಹೃದಯ ಇನ್ನೂ ಬಡಿಯುತ್ತಿರುತ್ತದೆ. ಆ ಹೊತ್ತಲ್ಲಿ ಕೊಟ್ಟ ಉಸಿರಿಗೇ ಜೀವ ಮರಳಬಹುದು.

ಇನ್ನೊಂದು ಗೊಂದಲ ಲೆಕ್ಕದ್ದು. ಯುರೋಪಿನ ಮಾರ್ಗಸೂಚಿಯಲ್ಲಿ ಮೊದಲಿಗೆ 5 ಉಸಿರು, ಅಮೆರಿಕದ್ದರಲ್ಲಿ 2. ಯಾವುದು ಸರಿ ಅಂತ ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಎರಡೂ ಹೇಳುವುದು ಒಂದೇ: ಉಸಿರಿಂದ ಶುರುಮಾಡಿ. ನಮಗೆ ಕಲಿಸಿದ್ದು 5, ನಾನು ಅದನ್ನೇ ಹಿಡಿದುಕೊಂಡಿದ್ದೇನೆ. ಆಮೇಲೆ 30 ಸಲ ಒತ್ತುವುದು, 2 ಉಸಿರು, ಮತ್ತೆ 30. ಒತ್ತುವ ಆಳ 5ರಿಂದ 6 ಸೆಂಟಿಮೀಟರ್, ವೇಗ ನಿಮಿಷಕ್ಕೆ 100ರಿಂದ 120. ನಾವು ಊದುವ ಒಂದೊಂದು ಉಸಿರೂ ಒಂದು ಸೆಕೆಂಡಿನಷ್ಟು, ಎದೆ ಏಳುವುದು ಕಾಣಬೇಕು.

ನನ್ನ ಮೊದಲ ಎರಡು ಉಸಿರಿಗೆ ಗೊಂಬೆಯ ಎದೆ ಏಳಲೇ ಇಲ್ಲ. ತಲೆಯನ್ನು ಸಾಕಷ್ಟು ಹಿಂದಕ್ಕೆ ಬಾಗಿಸಿರಲಿಲ್ಲ. ಹಣೆ ಮೇಲೆ ಒಂದು ಕೈ, ಗದ್ದದ ಕೆಳಗೆ ಎರಡು ಬೆರಳು. ಗದ್ದ ಮೇಲೆತ್ತಿದ ಕೂಡಲೇ ಗಾಳಿ ಒಳಗೆ ಹೋಯಿತು. ಮಲಗಿಸಿದ ರೀತಿಯೂ ತಪ್ಪಾಗಿತ್ತು. ತೀರ ಇಳಿಜಾರು ಅಲ್ವಾ, ತಲೆ ಕೆಳಗೆ, ಕಾಲು ಮೇಲೆ ಆಗಿತ್ತು. ನೀರಿನ ಗೆರೆಗೆ ಸಮನಾಗಿ, ಅಲೆ ಮುಟ್ಟದ ಗಟ್ಟಿ ಮರಳಲ್ಲಿ ಅಡ್ಡಡ್ಡ ಮಲಗಿಸಬೇಕು.

ಬಾಯಿಂದ ನೊರೆ ಬರುತ್ತದೆ. ಒರೆಸುತ್ತಾ ಕೂರಬೇಡಿ, ಅದು ಬರುತ್ತಲೇ ಇರುತ್ತದೆ. ಅದರ ಮೇಲೆಯೇ ಉಸಿರು ಕೊಡಿ. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ, ಬಾಯಿ ಖಾಲಿ ಮಾಡಿ, ಮುಂದುವರಿಸಿ. ಹೊಟ್ಟೆ ಒತ್ತಿ ನೀರು ತೆಗೆಯುವುದು, ಹೊತ್ತುಕೊಂಡು ಗಿರಗಿರ ತಿರುಗಿಸುವುದು ಎರಡೂ ಬೇಡವೇ ಬೇಡ. ನಮ್ಮೂರ ಕೆರೆ ದಂಡೆಯಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಉಸಿರು ಕೊಡಬೇಕಾದ ನಿಮಿಷಗಳು ಅದರಲ್ಲೇ ಹೋಗುತ್ತವೆ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೂ ನುಗ್ಗಬಹುದು.

ಇಬ್ಬರಿದ್ದರೆ ಒಬ್ಬರು ತಕ್ಷಣ 108ಕ್ಕೋ 112ಕ್ಕೋ ಫೋನ್ ಮಾಡಲಿ. "ಬೀಚ್" ಅಂದರೆ ಸಾಲದು, ಯಾವ ರಸ್ತೆಯ ತುದಿ ಅಂತಲೂ ಹೇಳಿ. ಮುಳುಗಿದವರು ಎಚ್ಚರಗೊಂಡು "ನಂಗೇನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕಳಿಸಲೇಬೇಕು. ಕೆಮ್ಮು, ಏದುಸಿರು ಗಂಟೆಗಳ ನಂತರ ಜಾಸ್ತಿಯಾಗಬಹುದು.

ಕುತ್ತಿಗೆ

ಮರಳು ದಿಬ್ಬದ ಮೇಲೆ ನೀರು ಮೊಣಕಾಲಷ್ಟೇ ಇರುವಾಗ ತಲೆ ಕೆಳಗಾಗಿ ಬಿದ್ದರೆ ಕುತ್ತಿಗೆಗೆ ಏಟು. ಕುತ್ತಿಗೆ ನೋವು, ಕೈಕಾಲು ಜುಮ್ಮೆನ್ನುವುದು ಇದ್ದರೆ ಎದ್ದು ನಡೆಯಲು ಬಿಡಬೇಡಿ. ತಲೆ, ಬೆನ್ನು ಒಂದೇ ಸಾಲಲ್ಲಿ ಹಿಡಿದು, ನಾಲ್ಕೈದು ಜನ ಸೇರಿ ಮೇಲೆ ತನ್ನಿ. ಉಸಿರೇ ಇಲ್ಲದಿದ್ದರೆ ಕುತ್ತಿಗೆಯ ಚಿಂತೆಯಲ್ಲಿ ಉಸಿರು ತಡ ಮಾಡಬೇಡಿ.

ಸಣ್ಣಪುಟ್ಟವು

ಫಿನ್ (ಬೋರ್ಡಿನ ಅಡಿಯ ರೆಕ್ಕೆ) ತಾಗಿ ಕುಯ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ನಿಂತ ಮೇಲೆ ಒಳ್ಳೆ ನೀರಲ್ಲಿ ತೊಳೆಯಿರಿ, ಕಾಫಿ ಪುಡಿ ಹಾಕಬೇಡಿ. ಭುಜ ಕಳಚಿದರೆ ಎಳೆದು ಕೂರಿಸಲು ಹೋಗದೆ, ಕೈಯನ್ನು ಬಟ್ಟೆಯಲ್ಲಿ ಜೋಲಿ ಕಟ್ಟಿ ಕಳಿಸಿ.

ತೊರಕೆ ಮೀನಿನ (ಸ್ಟಿಂಗ್‌ರೇ) ಬಾಲದ ಮುಳ್ಳು ಪಾದಕ್ಕೆ ಚುಚ್ಚಿದರೆ ಬಿಸಿನೀರೇ ಮೊದಲ ಉಪಾಯ. ಸುಮಾರು 45 ಡಿಗ್ರಿ, ಅಂದರೆ ತಡೆದುಕೊಳ್ಳುವಷ್ಟು ಬಿಸಿ. ನೋವು ಇಳಿಯುವವರೆಗೆ ಪಾದ ಮುಳುಗಿಸಿಡಬೇಕು, ಆಮೇಲೆ ವೈದ್ಯರಿಗೆ ತೋರಿಸಬೇಕು. ನೋವಿರುವ ಪಾದಕ್ಕೆ ಬಿಸಿ ಎಷ್ಟೆಂದು ತಿಳಿಯುವುದಿಲ್ಲ. ಅದಕ್ಕೆ ಅವರ ಇನ್ನೊಂದು ಪಾದವನ್ನು ಮೊದಲು ಅದ್ದಿ ನೋಡಬೇಕು. ಇವತ್ತು ಅಂಗಡಿಯಿಂದ ಒಂದು ಬೇಸಿನ್, ಎರಡು ದೊಡ್ಡ ಫ್ಲಾಸ್ಕ್ ತಂದು ಬೋರ್ಡ್‌ಗಳ ಪಕ್ಕದಲ್ಲೇ ಇಟ್ಟಿದ್ದೇನೆ.